ಗಾಡಿಖಾನೆಯ ಕೂಸಿನ ಸಾಲೆ

ಆ ಮಧ್ಯಾಹ್ನ ನಾನು ಮನೆಯ ಕಟ್ಟೆಯ ಮೇಲೆ ಕುಳಿತು ಪುಂಡಿಯ ಹಗ್ಗ ಹೊಸೆಯುತ್ತಿದ್ದೆ. ಉಮರಸಾಬರ ಎತ್ತಿನ ಗಾಡಿ ನಮ್ಮ ಓಣಿಗೆ ತಿರುಗಿತು. ಹತ್ತಿ ಹೇರಿಕೊಂಡು, ಅರಳೆಯಿಂದ ಬೀಜ ಬಿಡಿಸುವ ಜಿನ್ನಿಗೆ ಹೋಗುವ ಗಾಡಿ ಆ ಹೊತ್ತಿನಲ್ಲಿ ಓಣಿಗೆ ಬರುವ ಕಾರಣವಿರಲಿಲ್ಲ. ಗಾಡಿಯಲ್ಲಿ ಹತ್ತಿಯೂ ಇರಲಿಲ್ಲ. ನನ್ನ ಸೊಸೆ ಹುಲಿಗವ್ವ ಒಬ್ಬಳೇ ಕುಳಿತಿದ್ದಳು. ಅವಳ ತೊಡೆಯ ಮೇಲೆ ನನ್ನ ಮೊಮ್ಮಗಳು ಪಂಪಮ್ಮ ಸೆರಗು ಹೊದ್ದು ಮಲಗಿದ್ದಳು.

ಉಮರಸಾಬರು ಎತ್ತಿನ ಹಗ್ಗ ಹಿಡಿದು ನಿಂತರು. ನನ್ನ ಮುಖ ನೋಡಲಿಲ್ಲ.

"ಮಾವಾ, ಕೂಸು ಮಲಗೇತಿ," ಎಂದಳು ಹುಲಿಗವ್ವ. "ಏಳವಲ್ದು. ನೀವರ ಎಬ್ಬಸ್ರಿ."

ನಾನು ಕೂಸನ್ನು ಎತ್ತಿಕೊಂಡೆ. ಕೈಕಾಲು ತಣ್ಣಗಾಗಿದ್ದವು. ತುಟಿ ನೀಲಿಗಟ್ಟಿತ್ತು. ಆ ಮಗು ಇನ್ನು ಏಳುವುದಿಲ್ಲವೆಂದು ನನಗೆ ತಿಳಿಯಿತು. ಸೊಸೆಗೂ ತಿಳಿದಿತ್ತು. ಆದರೂ ಇಬ್ಬರೂ ಬಹಳ ಹೊತ್ತು ಕೂಸನ್ನು ಎಬ್ಬಿಸುತ್ತಲೇ ಇದ್ದೆವು.

ಇದು ಫಸಲಿ ಹದಿಮೂರುನೂರ ಐವತ್ತಮೂರರ, ಇಂಗ್ಲಿಷ್ ಲೆಕ್ಕದಲ್ಲಿ ಹತ್ತೊಂಬತ್ತುನೂರ ನಲವತ್ತನಾಲ್ಕರ ಮಾತು. ಆಗ ಕೊಪ್ಪಳದಲ್ಲಿ ಹತ್ತಿಯ ಸುಗ್ಗಿ. ನಮ್ಮ ಓಣಿಯ ಹೆಂಗಸರು ಬೆಳಕು ಹರಿಯುತ್ತಲೇ ಸ್ಟೇಶನ್ನಿನ ಆಚೆಯ ಜಿನ್ನಿಗೆ ಕೂಲಿಗೆ ಹೋಗುತ್ತಿದ್ದರು. ಹಾಲು ಕುಡಿಯುವ ಕೂಸನ್ನೂ ಈಗಷ್ಟೇ ಹೆಜ್ಜೆ ಇಡುವ ಕೂಸನ್ನೂ ಕಂಕುಳಲ್ಲಿ ಎತ್ತಿಕೊಂಡೇ ಹೋಗಬೇಕು. ಜಿನ್ನಿನ ಗೋಡೆಯ ಪಕ್ಕದ ಬೇವಿನ ಗಿಡಗಳಿಗೆ ಹಳೆಯ ಸೀರೆಯ ಜೋಲಿ ಕಟ್ಟಿ, ಅದರಲ್ಲಿ ಕೂಸನ್ನು ಹಾಕಿ, ತಾಯಂದಿರು ಒಳಗೆ ಹೋಗುವರು. ಕೂಸು ಎಚ್ಚರಾಗಿ ಅತ್ತರೆ ಕೆಲಸ ಬಿಟ್ಟು ಬರುವಂತಿಲ್ಲ. ಅದಕ್ಕಾಗಿ ಮನೆಯಿಂದ ಹೊರಡುವಾಗಲೇ ಸಾಸಿವೆ ಕಾಳಿನಷ್ಟು ಅಫೀಮನ್ನು ಹಾಲಿನಲ್ಲಿ ತೇದು ನೆಕ್ಕಿಸುವರು. ಕೂಸು ಜಿನ್ನಿನ ಮಧ್ಯಾಹ್ನದ ಸೀಟಿಯವರೆಗೆ ಮಿಸುಕದೆ ಮಲಗುವುದು. ಇದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಕಣ್ಣಿಗೆ ಕಾಡಿಗೆ ಹಚ್ಚಿದಂತೆ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಂತೆ, ಅದೂ ಮನೆಮನೆಯ ರೂಢಿಯಾಗಿತ್ತು.

ಕೂಸನ್ನು ಮಣ್ಣಿಗಿಟ್ಟ ಕೆಲವು ದಿನಗಳ ಮೇಲೆ ಸರಕಾರಿ ದವಾಖಾನೆಯ ನರ್ಸು ಜೋಹರಾಬಿ ನಮ್ಮ ಮನೆಗೆ ಬಂದಳು. ಓಣಿಯ ಅರ್ಧ ಮಕ್ಕಳು ಆಕೆಯ ಕೈಯಲ್ಲೇ ಹುಟ್ಟಿದವರು. ಎಲ್ಲರೂ ಆಕೆಯನ್ನು ಬಾಯಾರು ಎಂದು ಕರೆಯುತ್ತಿದ್ದರು. ಆಕೆ ಚಾಪೆ ಹಾಸಲು ಬಿಡದೆ ಹುಲಿಗವ್ವನ ಪಕ್ಕದಲ್ಲಿ ಬರೀ ನೆಲದ ಮೇಲೆ ಕುಳಿತಳು. ನೆರೆಮನೆಯ ಫಕೀರಮ್ಮನೂ ಬಂದು ಬಾಗಿಲಿಗೆ ಒರಗಿ ನಿಂತಳು.

"ತಂಗೀ, ಆವತ್ತು ಎಷ್ಟು ಕೊಟ್ಟಿದ್ದಿ?" ಎಂದು ಜೋಹರಾಬಿ ಮೆಲ್ಲಗೆ ಕೇಳಿದಳು.

"ದಿನಾ ಕೊಡೂವಷ್ಟರೀ ಬಾಯಾರ. ಹೆಚ್ಚು ಕೊಟ್ಟಿಲ್ರಿ. ದೇವರಾಣಿ."

"ಅಫೀಮು ಹಳೇ ಗಂಟಿಂದೋ, ಹೊಸಾದೋ?"

"ಹಳೇದು ತೀರಿತ್ರಿ. ಹೊಸಾದು ತಂದಿದ್ದೆ."

"ಕೂಸಿಗೆ ಕೆಮ್ಮು ನೆಗಡಿ ಇತ್ತೇನು?"

"ಇತ್ರಿ. ಅದಕ್ಕ ಇನ್ನಷ್ಟು ಅಳತಿತ್ತು."

ಜೋಹರಾಬಿ ಅವಳ ಕೈ ಹಿಡಿದುಕೊಂಡಳು. "ನೀ ಹೆಚ್ಚು ಕೊಟ್ಟಿಲ್ಲ. ನನಗ ಗೊತ್ತೈತಿ. ಆದ್ರ ಒಂದು ಗಂಟಿನಾಗಿನ ಕಸುವು ಇನ್ನೊಂದರಾಗ ಇರಂಗಿಲ್ಲ ತಂಗಿ. ಕಾಳು ಅಷ್ಟ ಇರತೈತಿ, ಒಳಗಿನ ವಿಷ ಎರಡಪಟ್ಟು ಇರತೈತಿ. ಅದು ನಿದ್ದಿ ಕೊಡೂದಲ್ಲ, ಉಸಿರು ಕಟ್ಟೂದು. ಕೆಮ್ಮು ಇದ್ದ ಕೂಸಿಗೆ ಮೊದಲ ಉಸಿರು ಕಮ್ಮಿ. ಅದು ಹೆಂಗ ತಡದೀತು?"

ಬಾಗಿಲಲ್ಲಿದ್ದ ಫಕೀರಮ್ಮ ಸುಮ್ಮನಿರಲಿಲ್ಲ. "ಏನು ಮಾತರೀ ಬಾಯಾರ! ಸರಕಾರದವ್ರು ಅಂಗಡಿ ಇಟ್ಟು ಮಾರತಾರ. ವಿಷ ಆಗಿದ್ರ ಮಾರತಿದ್ರೇನು? ನಮ್ಮವ್ವ ನನಗ ಕೊಟ್ಟಾಳ, ನಾ ನನ್ನ ಮಕ್ಕಳಿಗೆ ಕೊಟ್ಟೀನಿ. ನೋಡ್ರಿ, ನನ್ನ ಮಗ ಕೋಣ ಇದ್ದಂಗ ಅದಾನ."

"ಅದಾನ, ಅಲ್ಲಾನ ದಯಾ," ಎಂದಳು ಜೋಹರಾಬಿ. "ಉಳದವನ್ನ ತೋರಸಿದಿ ಫಕೀರಮ್ಮ. ನಿನ್ನ ಹೊಟ್ಯಾಗ ಹುಟ್ಟಿ ಹೋದವ್ರೂ ಇದ್ರಲ್ಲ? ಅವ್ರು ಯಾಕ ಹೋದ್ರು ಅಂತ ಯಾರರ ನೋಡ್ಯಾರೇನು?"

ಫಕೀರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅದು ದೇವರಿಚ್ಛಾ," ಎಂದಳು. ಮತ್ತೆ ತಲೆ ಎತ್ತಿ, "ಹಂಗಾದ್ರ ನಾವು ಕೂಲಿ ಬಿಟ್ಟು ಕೂಸು ಆಡಿಸಿಕೋತ ಕುಂದರೂಣೇನು? ಒಲಿ ಮ್ಯಾಲೆ ಏನಿಡೂಣು, ನಿಮ್ಮ ಮಾತಿಡೂಣೇನು?" ಎಂದಳು.

"ಕೂಲಿ ಬಿಡ್ರಿ ಅಂತ ನಾ ಅಂದಿಲ್ಲ. ನೀವು ದುಡಿಯೂ ಹೊತ್ತಿನಾಗ ಈ ಕೂಸುಗೋಳ್ನ ಒಂದ ಕಡೆ ಕೂಡಿಸಿ ನೋಡಿಕೊಳ್ಳಾಕ ಒಬ್ಬಾಕಿ ಬೇಕು. ಬರೇ ಕಾಯೂದಲ್ಲ. ಆಡಿಸಬೇಕು, ಉಣಿಸಬೇಕು, ಮಾತು ಕಲಿಸಬೇಕು. ಸಣ್ಣ ಕೂಸಿನ ಸಾಲಿ ಅಂತ ತಿಳಕೋ." ಹೀಗೆ ಹೇಳಿ ಜೋಹರಾಬಿ ಹುಲಿಗವ್ವನ ಕಡೆ ನೋಡಿದಳು.

ಫಕೀರಮ್ಮನೂ ನೋಡಿದಳು. "ಈಕಿನೇನು? ಕೂಸು ಕಳಕೊಂಡಾಕಿ ಕೈಯಾಗ ಯಾರ ಕೂಸು ಕೊಡತಾರ ಬಾಯಾರ?"

ಹುಲಿಗವ್ವ ಎದ್ದು ಒಳಗೆ ಹೋದಳು.

ಆ ಮಾತು ನಮ್ಮ ಮನೆಯಲ್ಲಿ ಬಹಳ ದಿನ ಉಳಿಯಿತು. ಹುಲಿಗವ್ವ ಮಾತಾಡುವುದನ್ನೇ ಬಿಟ್ಟಳು. ಅವಳ ಗಂಡ, ನನ್ನ ಮಗ ದ್ಯಾವಪ್ಪ ಸ್ಟೇಶನ್ನಿನಲ್ಲಿ ಮೂಟೆ ಹೊರುವ ಕೆಲಸ ಮುಗಿಸಿ ಬಂದು ಅವಳ ಮುಂದೆ ರೊಟ್ಟಿ ಇಟ್ಟುಕೊಂಡು ಕುಳಿತುಕೊಳ್ಳುತ್ತಿದ್ದ. ಅವಳು ಉಣ್ಣದೆ ಅವನು ಉಣ್ಣುತ್ತಿರಲಿಲ್ಲ. ಹೀಗೆ ಇಬ್ಬರೂ ಒಂದೊಂದು ತುತ್ತು ತಿನ್ನುತ್ತಿದ್ದರು. ನಾನು ದೇವರ ಮುಂದೆ ದೀಪ ಹಚ್ಚಿ, ನನಗೆ ತಿಳಿದ ಮಂತ್ರವನ್ನೆಲ್ಲ ಹೇಳಿ ಎದ್ದು ಬರುತ್ತಿದ್ದೆ.

ಒಂದು ಮುಂಜಾನೆ ಹುಲಿಗವ್ವ ನನ್ನ ಮುಂದೆ ಬಂದು ನಿಂತಳು.

"ಮಾವಾ, ನಾ ಇನ್ನ ಜಿನ್ನಿಗೆ ಹೋಗಂಗಿಲ್ಲ. ಆ ಜೋಲಿ ನೋಡಾಕ ಆಗಂಗಿಲ್ಲ. ಆದ್ರ ಆ ಕೂಸುಗೋಳ್ನ ಹಂಗ ಬಿಟ್ಟು ಮನ್ಯಾಗ ಕೂಡಾಕೂ ಆಗವಲ್ದು. ಬಾಯಾರು ಹೇಳಿದ್ದು ಮಾಡಿ ನೋಡ್ತೀನಿ."

"ಮಾಡು ಯವ್ವಾ," ಎಂದೆ.

"ಮಂದಿ ಕೂಸು ಕೊಡತಾರೋ ಇಲ್ಲೋ."

"ಕೊಟ್ಟವರದು ನೋಡು. ಕೊಡದವ್ರು ನಿಂತು ನೋಡಲಿ."

ನಾನು ಉಮರಸಾಬರ ಹತ್ತಿರ ಹೋದೆ. ಜಿನ್ನಿನ ಪಕ್ಕದಲ್ಲೇ ಅವರ ಗಾಡಿಖಾನೆ ಇತ್ತು. ತಗಡಿನ ಮಾಡು, ಮೂರು ಕಡೆ ಗೋಡೆ, ಒಂದು ಕಡೆ ಬಿದಿರ ತಟ್ಟಿ. ವಿಷಯ ಹೇಳಿದ ಕೂಡಲೇ ಉಮರಸಾಬರು ಒಪ್ಪಿದರು.

"ಹಗಲೊತ್ತು ಗಾಡಿ ಎಲ್ಲಾ ಹೊರಗ ಇರತಾವ. ಖಾಲಿ ಬಿದ್ದಿರತೈತಿ, ತಗೋರಿ. ಸಂಜೀಕ ಎತ್ತು ಬರೂದ್ರೊಳಗ ಕೂಸುಗೋಳ್ನ ಮನಿಗೆ ಕಳಸಬೇಕು ನೋಡ್ರಿ. ಇಲ್ಲಂದ್ರ ನನ್ನ ಕಣ್ಣು ಮೊದಲ ಮಂಜು. ಕೂಸಿನ ಕೊರಳಿಗೆ ದಾವಣಿ ಕಟ್ಟಿ, ಎತ್ತನ್ನ ನಿಮ್ಮ ಮನಿಗೆ ಕಳಿಸಿಬಿಟ್ಟೇನು."

ಹುಲಿಗವ್ವ ಗಾಡಿಖಾನೆಯನ್ನು ಬಳಿದು ಸಾರಿಸಿದಳು. ದ್ಯಾವಪ್ಪ ನೆಲದಲ್ಲಿದ್ದ ಮೊಳೆ, ಮುರಿದ ಕೀಲು ಎಲ್ಲವನ್ನೂ ಆರಿಸಿ ತೆಗೆದ. ಕೂಸು ಕಳುಹಿಸುವ ತಾಯಿ ವಾರಕ್ಕೊಮ್ಮೆ ಬೊಗಸೆ ಜೋಳ ಕೊಡಬೇಕು, ಅದರಲ್ಲೇ ಕೂಸುಗಳಿಗೆ ಅಂಬಲಿ, ಉಳಿದದ್ದು ಹುಲಿಗವ್ವನಿಗೆ ಎಂದು ಜೋಹರಾಬಿ ಗೊತ್ತುಮಾಡಿದಳು. ಮೊದಲ ದಿನ ಬಂದದ್ದು ಮೂರೇ ಕೂಸು. ಆಮೇಲೆ ಜಿನ್ನಿನ ಲೆಕ್ಕ ಬರೆಯುವ ಮುನಸಿ ಇನ್ನು ಗೋಡೆಯ ಹತ್ತಿರ ಜೋಲಿ ಕಟ್ಟಬಾರದೆಂದು ಹೇಳಿದ. ಬೇರೆ ದಾರಿ ಕಾಣದೆ ಇನ್ನೂ ಕೆಲವರು ಬಂದರು. ನಾನು ದಿನವೂ ಅಂಬಲಿಯ ಗಡಿಗೆ ಹೊತ್ತು ಅಲ್ಲಿಗೆ ಹೋಗುತ್ತಿದ್ದೆ.

ಹುಲಿಗವ್ವ ತಾನು ಸಾಲೆಗೆ ಹೋದವಳಲ್ಲ. ಚಿಕ್ಕಂದಿನಲ್ಲಿ ಯಲಬುರ್ಗಿಯ ತನ್ನ ತವರಿನಲ್ಲಿ ಸಾಲೆಯ ಕಿಟಕಿಯಿಂದ ಇಣುಕಿ ನೋಡಿದ್ದಳು, ಅಷ್ಟೇ. ಮಾಸ್ತರರು ಬೆತ್ತ ಹಿಡಿದಿರುತ್ತಾರೆ, ಮಕ್ಕಳು ಸಾಲಾಗಿ ಸದ್ದಿಲ್ಲದೆ ಕುಳಿತಿರುತ್ತಾರೆ ಎಂಬುದೇ ಅವಳು ತಿಳಿದ ಸಾಲೆ. ಹಾಗೆಯೇ ಎರಡು ವರ್ಷದ ಕೂಸುಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ಕೂಡಿಸಿದಳು. ಬೆತ್ತ ಇರಲಿಲ್ಲ, ಆದರೆ ಬಾಯಿಯ ಮೇಲೆ ಬೆರಳಿಡುವುದನ್ನು ಕಲಿಸಿದಳು. ಒಂದು ಕೂಸು ಎದ್ದರೆ ಕೂಡಿಸುವಳು, ಇನ್ನೊಂದು ಏಳುವುದು. ಅದನ್ನು ಕೂಡಿಸುವಷ್ಟರಲ್ಲಿ ಮೊದಲಿನದು ತಟ್ಟಿಯ ಹತ್ತಿರ ಇರುವುದು. ಸಂಜೆಗೆ ಅವಳ ನಡು ಮುರಿದು ಹೋಗುತ್ತಿತ್ತು.

ಎಲ್ಲಕ್ಕಿಂತ ಕಷ್ಟವೆಂದರೆ ಅಳು. ಯಾವ ಕೂಸು ಅತ್ತರೂ ಅವಳು ಹಿಡಿದ ಕೆಲಸ ಬಿಟ್ಟು ಗಾಬರಿಯಿಂದ ಓಡುವಳು. ಅಳು ನಿಲ್ಲುವವರೆಗೆ ಅವಳಿಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಹೇಗಾದರೂ ಮಾಡಿ ನಿಲ್ಲಿಸುವಳು. ಗದರುವಳು, ಬೆಲ್ಲ ಕೊಡುವಳು, ಗುಮ್ಮನ ಹೆಸರು ಹೇಳುವಳು. ಕೆಲವು ವಾರದಲ್ಲಿ ಗಾಡಿಖಾನೆ ತಣ್ಣಗಾಯಿತು. ಮುನಸಿ ಬಂದು ನೋಡಿ, "ಶಾಭಾಸ್! ಕೂಸು ಅದಾವೋ ಇಲ್ಲೋ ಗೊತ್ತಾಗವಲ್ದು," ಎಂದು ಹೊಗಳಿ ಹೋದ. ಹುಲಿಗವ್ವನ ಮುಖದಲ್ಲಿ ಬಹಳ ದಿನಗಳ ಮೇಲೆ ಬೆಳಕು ಕಂಡಿತು.

ಜೋಹರಾಬಿ ಮಾತ್ರ ಹೊಗಳಲಿಲ್ಲ. ತಟ್ಟಿಯ ಹತ್ತಿರ ನಿಂತು ನೋಡಿ, "ಏನವ್ವಾ ಇದು? ನಮ್ಮ ಮಸೂತ್ಯಾಗ ನಮಾಜಿನ ಹೊತ್ತಿಗೂ ಇಷ್ಟು ಸುಮ್ಮನಿರಂಗಿಲ್ಲ. ಅಲ್ಲೂ ನಾಕು ಮುದುಕರು ಕೆಮ್ಮತಿರತಾರ," ಎಂದಳು.

"ಛಲೋ ಕಲತಾವರೀ ಬಾಯಾರ," ಎಂದಳು ಹುಲಿಗವ್ವ, ಸ್ವಲ್ಪ ಮುನಿಸಿನಿಂದ.

"ಏನು ಕಲತಾವ?"

ಹುಲಿಗವ್ವ ಎದ್ದ ಕೂಸೊಂದನ್ನು ಮತ್ತೆ ಸಾಲಿನಲ್ಲಿ ಕೂಡಿಸಿದಳು. ಜೋಹರಾಬಿ ಹೆರಿಗೆಯ ಕರೆ ಬಂದುದರಿಂದ ಹೊರಟುಹೋದಳು.

ಈ ದಿನಗಳಲ್ಲೇ ಫಕೀರಮ್ಮ ತನ್ನ ಮೊಮ್ಮಗನನ್ನು ಕರೆದುಕೊಂಡು ಬಂದಳು. ಅವಳೂ ಅವಳ ಸೊಸೆಯೂ ಜಿನ್ನಿಗೆ ಹೋಗುವವರು. ಹುಡುಗನ ಹೆಸರು ಹನುಮಣ್ಣ. ಎರಡು ವರ್ಷ ತುಂಬಿತ್ತು. ಅಷ್ಟು ಗಟ್ಟಿಯಾಗಿ ಅಳುವ ಕೂಸನ್ನು ನಾನು ಬೇರೆ ಕಂಡಿಲ್ಲ. ಅಜ್ಜಿ ಬೆನ್ನು ತಿರುಗಿಸಿದ ಕೂಡಲೇ ನೆಲಕ್ಕೆ ಬಿದ್ದು ಹೊರಳಿ ಅಳತೊಡಗಿದ. ಅವನನ್ನು ನೋಡಿ ಪಕ್ಕದ ಕೂಸು ಅತ್ತಿತು, ಅದನ್ನು ನೋಡಿ ಇನ್ನೊಂದು. ಗಾಡಿಖಾನೆಯೆಲ್ಲ ಒಂದೇ ಗದ್ದಲ. ಹುಲಿಗವ್ವ ಬೆವೆತು ಹೋದಳು. ಫಕೀರಮ್ಮನನ್ನು ಜಿನ್ನಿನಿಂದ ಕರೆಸಿದಳು.

"ಅತ್ತೀ, ಇವನ್ನ ಮನಿಗೆ ಕರಕೊಂಡು ಹೋಗ್ರಿ. ಒಬ್ಬ ಅತ್ರ ಎಲ್ಲಾ ಅಳತಾವ. ಅಳೂದು ಬಿಟ್ಟ ಮ್ಯಾಲೆ ಕರಕೊಂಡು ಬರ್ರಿ."

"ನನ್ನ ದಿನದ ಕೂಲಿ ಹೋತಲ್ಲ ನಮ್ಮವ್ವಾ! ದೊಡ್ಡ ಸಾಲಿ ಅಕ್ಕೋರು ಆಗಿ ಬಿಟ್ಟಿ ನೀ," ಎಂದು ಗೊಣಗುತ್ತ ಫಕೀರಮ್ಮ ಮೊಮ್ಮಗನನ್ನು ಎತ್ತಿಕೊಂಡು ಹೋದಳು.

ಮರುದಿನ ಹನುಮಣ್ಣ ಮತ್ತೆ ಬಂದ. ಈ ಸಲ ಅಳಲಿಲ್ಲ. ಅಜ್ಜಿ ಹೋದರೂ ತಿರುಗಿ ನೋಡಲಿಲ್ಲ. ಕೂಡಿಸಿದ ಕಡೆ ಕುಳಿತ. ಸ್ವಲ್ಪ ಹೊತ್ತಿನಲ್ಲಿ ಗೋಡೆಗೆ ತಲೆಯಿಟ್ಟು ಮಲಗಿದ. ಅದರ ಮರುದಿನವೂ ಹಾಗೆಯೇ. ಹುಲಿಗವ್ವ ನನ್ನ ಕಡೆ ನೋಡಿ, "ಮಾವಾ, ನೋಡಿದ್ರೇನು? ಒಮ್ಮೆ ಗಟ್ಟಿ ಹೇಳಿದ್ದಕ್ಕ ಎಷ್ಟು ಶಾಣ್ಯಾ ಆದ," ಎಂದಳು.

ಮೂರನೆಯ ದಿನ ಮಧ್ಯಾಹ್ನಕ್ಕಿಂತ ಮೊದಲು ಅವಳು ಅಂಬಲಿ ಕುಡಿಸಲು ಅವನನ್ನು ಎಬ್ಬಿಸಿದಳು. ಬಾಯಿ ತೆರೆಯಲಿಲ್ಲ. ತಲೆ ಒಂದು ಕಡೆ ಜೋತುಬಿತ್ತು. ಅವಳು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು. ಕತ್ತಲೆಯ ಗಾಡಿಖಾನೆಯಲ್ಲಿಯೂ ಪಾಪೆ ಗುಂಡುಸೂಜಿಯ ತಲೆಯಷ್ಟು ಸಣ್ಣದಾಗಿತ್ತು. ಕಿವಿಯನ್ನು ಅವನ ಎದೆಗೆ ಇಟ್ಟಳು. ಒಂದು ಉಸಿರು ಬಂತು. ಮತ್ತೊಂದು ಬರುವುದು ತಡವಾಯಿತು.

"ಮಾವಾ," ಎಂದಳು. ಅವಳ ದನಿ ಬದಲಾಗಿತ್ತು. "ಇವಗ ಕೊಟ್ಟಾರ."

ಹೀಗೆಂದವಳೇ ಕೂಸನ್ನು ಹೆಗಲಿಗೆ ಹಾಕಿಕೊಂಡು ಓಡಿದಳು.

ಗಾಡಿಖಾನೆಯಲ್ಲಿ ನಾನೊಬ್ಬನೇ ಉಳಿದೆ, ಸುತ್ತಲೂ ಕೂಸುಗಳು. ಅವಳು ಹಾಗೆ ಓಡಿದ್ದನ್ನು ಕಂಡು ಎಲ್ಲವೂ ಒಮ್ಮೆಲೇ ಅಳಲು ಸುರುಮಾಡಿದವು. ನಾನು ಏನು ಮಾಡಲಿ? "ಶಿವ ಶಿವ" ಎಂದೆ, ಇನ್ನೂ ಗಟ್ಟಿಯಾಗಿ ಅತ್ತವು. ನೆಲದ ಮೇಲೆ ಕುಳಿತುಬಿಟ್ಟೆ. ಒಂದು ಬಂದು ತೊಡೆ ಏರಿತು. ಒಂದು ಕೊರಳ ರುದ್ರಾಕ್ಷಿ ಹಿಡಿದು ಜಗ್ಗಿತು. ಇನ್ನೊಂದು ನನ್ನ ಬೆನ್ನಿಗೆ ಮುಖ ಒತ್ತಿ ಅತ್ತಿತು, ಅಂಗಿ ತೋಯ್ದು ಬೆನ್ನು ಬಿಸಿಯಾಯಿತು. ನಾನು ಯಾವುದನ್ನೂ ಸುಮ್ಮನಿರಿಸಲು ಹೋಗಲಿಲ್ಲ. ಒಂದೊಂದರ ದನಿಯನ್ನೂ ಬೇರೆ ಬೇರೆಯಾಗಿ ಕೇಳುತ್ತ ಕುಳಿತೆ. ಇದೂ ಉಸಿರಾಡುತ್ತಿದೆ, ಇದೂ ಉಸಿರಾಡುತ್ತಿದೆ ಎಂದುಕೊಂಡೆ. ನಮ್ಮ ಪಂಪಮ್ಮ ಆ ದಿನ ಜೋಲಿಯಲ್ಲಿ ಇಷ್ಟು ಗಟ್ಟಿಯಾಗಿ ಅತ್ತಿದ್ದರೆ ಎಷ್ಟು ಚೆನ್ನಾಗಿತ್ತು!

ದವಾಖಾನೆಯಲ್ಲಿ ನಡೆದದ್ದನ್ನು ಹುಲಿಗವ್ವ ಆಮೇಲೆ ಹೇಳಿದಳು. ಡಾಕ್ಟರ ಸಾಹೇಬರು ಕೂಸಿನ ಹೊಟ್ಟೆ ತೊಳೆದರು. ಜೋಹರಾಬಿ ಅವನ ಅಂಗಾಲು ತಟ್ಟುತ್ತ, ಮುಖಕ್ಕೆ ತಣ್ಣೀರು ಹಾಕುತ್ತ, ನಿದ್ದೆಗೆ ಬಿಡದೆ ಹೊತ್ತು ತಿರುಗಿದಳು. ಆಕೆಯ ತೋಳು ಸೋತಾಗ ಹುಲಿಗವ್ವ ಎತ್ತಿಕೊಂಡಳು. ಸುದ್ದಿ ತಿಳಿದು ಫಕೀರಮ್ಮ ತಲೆಗೆ ಹತ್ತಿಯ ತುಣುಕು ಮೆತ್ತಿಕೊಂಡೇ ಜಿನ್ನಿನಿಂದ ಓಡಿಬಂದಳು.

"ನಾ ಏನೂ ಕೊಟ್ಟಿಲ್ಲ," ಎಂದಳು ಮೊದಲು.

ಜೋಹರಾಬಿ ಸಿಟ್ಟಾಗಲಿಲ್ಲ. "ಫಕೀರಮ್ಮ, ನಿನ್ನ ಜೇಲಿಗೆ ಹಾಕಾಕ ಕೇಳವಲ್ಲೆ. ಎಷ್ಟು ಕೊಟ್ಟಿ, ಯಾವಾಗ ಕೊಟ್ಟಿ, ಅದನ್ನ ಹೇಳು. ಹೇಳಿದ್ರ ಡಾಕ್ಟರಿಗೆ ದಾರಿ ತಿಳೀತೈತಿ. ಮುಚ್ಚಿಟ್ರ ಕೂಸು ಹೋಗತೈತಿ."

ಫಕೀರಮ್ಮ ಹೇಳಿದಳು. ಮುಂಜಾನೆ ಒಂದು ಕಾಳು. ಗಾಡಿಖಾನೆಯ ಬಾಗಿಲಿಗೆ ಬಂದಾಗ ಹುಡುಗ ಮತ್ತೆ ಮುಖ ಸಣ್ಣದು ಮಾಡಿದ್ದಕ್ಕೆ ಇನ್ನೊಂದು. ಹೇಳಿ ಮುಗಿಸಿ ಹುಲಿಗವ್ವನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು.

"ನೀನ ಅಂದಿಲ್ಲೇನು, ಅಳೂದು ಬಿಟ್ಟ ಮ್ಯಾಲೆ ಕರಕೊಂಡು ಬರ್ರಿ ಅಂತ? ನಾ ಬಿಡಿಸಿಕೊಂಡು ಬಂದೆ. ನನಗ ಗೊತ್ತಿದ್ದದ್ದು ಇದೊಂದ ದಾರಿ."

ಹುಲಿಗವ್ವ ಕೂಸನ್ನು ಎದೆಗೆ ಅಪ್ಪಿ ತಿರುಗುತ್ತಿದ್ದವಳು ನಿಂತುಬಿಟ್ಟಳು. ಜೋಹರಾಬಿ, "ನಿಂದರಬ್ಯಾಡ, ತಿರುಗು," ಎಂದು ಕೂಗಿದಳು. ಹುಲಿಗವ್ವ ಮತ್ತೆ ತಿರುಗತೊಡಗಿದಳು.

ದೀಪ ಹಚ್ಚುವ ಹೊತ್ತಿಗೆ ಹನುಮಣ್ಣ ಮುಖ ಕಿವುಚಿದ. ಕೈ ಮುಷ್ಟಿ ಮಾಡಿದ. ಆಮೇಲೆ ದವಾಖಾನೆಯ ತಗಡು ಹಾರಿಹೋಗುವಂತೆ ಒದರಿದ. ಡಾಕ್ಟರ ಸಾಹೇಬರು ನಗುತ್ತ ಹೊರಗೆ ಬಂದರು. ಫಕೀರಮ್ಮ ನೆಲಕ್ಕೆ ಹಣೆ ಹಚ್ಚಿದಳು.

ಹುಲಿಗವ್ವ ಆ ಒದರುವ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಹೇಳಿದಳು: "ಅತ್ತೀ, ಮೈ ಹುಷಾರಾದ ಮ್ಯಾಲೆ ಇವನ್ನ ಕರಕೊಂಡು ಬರ್ರಿ. ಅಳಕೋತನ ಬರಲಿ."

ನನ್ನ ಸೊಸೆ ಆ ಸಂಜೆಯಿಂದಲೇ ಸಾಲೆ ನಡೆಸುವುದನ್ನು ಕಲಿಯತೊಡಗಿದಳು ಎಂದು ನಾನು ತಿಳಿದಿದ್ದೇನೆ.

ಅವಳು ಜೋಹರಾಬಿಯನ್ನು ಗಾಡಿಖಾನೆಗೆ ಕರೆದು, "ಬಾಯಾರ, ನನಗ ಏನೂ ಬರಂಗಿಲ್ರಿ. ಹೇಳಿಕೊಡ್ರಿ," ಎಂದಳು.

"ಎರಡು ವರ್ಷದ ಕೂಸಿಗೆ ಕೂಡೂದು ಕಲಿಸಾಕ ಹೋಗಬ್ಯಾಡ," ಎಂದಳು ಜೋಹರಾಬಿ. "ಅದು ಕುಂತು ಕಲಿಯಂಗಿಲ್ಲ. ಎದ್ದು, ಬಿದ್ದು, ಚೆಲ್ಲಿ, ಮುಟ್ಟಿ ಕಲಿತೈತಿ. ಇನ್ನ ಅಳು. ಅದಕ್ಕ ಮಾತು ಬರೂದಿಲ್ಲಲ್ಲ, ಅಳೂದ ಅದರ ಮಾತು. ನೀ ಬಾಯಿ ಮುಚ್ಚಿಸಿದ್ರ ಅದು ಯಾರಿಗೆ ಹೇಳಬೇಕು?"

ಸಾಲು ಹೋಯಿತು. ಬಾಯಿಯ ಮೇಲಿನ ಬೆರಳೂ ಹೋಯಿತು. ಹುಲಿಗವ್ವ ಸೋರೆಯ ಬುರುಡೆ ಕೊಯ್ದು ಬಟ್ಟಲು ಮಾಡಿದಳು. ಕೂಸುಗಳು ಅದರಲ್ಲಿ ನೀರು ತುಂಬಿ, ಎತ್ತು ನೀರು ಕುಡಿಯುವ ಕಲ್ಲಿನ ದೋಣಿಗೆ ಸುರಿಯುವವು, ದಾರಿಯಲ್ಲಿ ಅರ್ಧ ಚೆಲ್ಲುವವು, ಮತ್ತೆ ತುಂಬಲು ಓಡುವವು. ಕುಂಟಾಗಿ ಗಾಡಿಖಾನೆಯ ಅಂಗಳದಲ್ಲೇ ಉಳಿದ ಮುದಿ ಎತ್ತೊಂದು ಉಮರಸಾಬರ ಬಳಿ ಇತ್ತು. ಅದಕ್ಕೆ ಜೋಳದ ದಂಟು ತಿನ್ನಿಸುವುದು, ತಿನ್ನುವಾಗ "ಎತ್ತು, ಬಾಯಿ, ಕಿವಿ, ಬಾಲ" ಎಂದು ಹೆಸರು ಹೇಳುವುದು. ಮಾತೇ ಬಾರದ ಕೂಸುಗಳು ಆ ಎತ್ತಿನ ಮುಂದೆ ಮಾತು ಕಲಿತವು. ಉಮರಸಾಬರು, "ನನ್ನ ಎತ್ತು ಮಾಸ್ತರ ಆತು. ಇನ್ನ ಪಗಾರ ಕೇಳತೈತಿ," ಎಂದು ನಗುತ್ತಿದ್ದರು.

ತಾಯಂದಿರಿಗೂ ಅವಳು ಒಂದು ಮಾತು ಕಲಿಸಿದಳು. ಮೊದಲು ಎಲ್ಲರೂ ಕೂಸು ಬೇರೆ ಕಡೆ ನೋಡಿದಾಗ ಕದ್ದು ಓಡಿಹೋಗುತ್ತಿದ್ದರು. ಕೂಸು ತಿರುಗಿ ನೋಡಿದರೆ ಅವ್ವ ಇಲ್ಲ. ಅದು ಹೆದರದೆ ಏನು ಮಾಡೀತು? "ಕಳ್ಳರಂಗ ಹೋಗಬ್ಯಾಡ್ರಿ," ಎಂದಳು ಹುಲಿಗವ್ವ. "ಮಾರಿ ನೋಡಿ ಹೇಳ್ರಿ, ಹೋಗಿ ಬರತೀನಿ, ಸೀಟಿ ಊದಿದ ಮ್ಯಾಲೆ ಬರತೀನಿ ಅಂತ. ಅಳತಾವ, ಅಳಲಿ. ನಾ ಎತ್ತಿಕೊಂತೀನಿ." ಹೀಗೆ ಮಾಡಿದ ಮೇಲೆ ಕೂಸುಗಳು ಸೀಟಿಯ ಅರ್ಥ ಕಲಿತವು. ಮಧ್ಯಾಹ್ನ ಸೀಟಿ ಊದಿದ ಕೂಡಲೇ ಎಲ್ಲವೂ ತಟ್ಟಿಯ ಹತ್ತಿರ ಹೋಗಿ ನಿಂತು "ಅವ್ವಾ" ಎನ್ನುವವು. ತಾಯಂದಿರು ಬರುವರು. ಒಂದು ದಿನವೂ ಬರದೆ ಇರಲಿಲ್ಲ. ಅದರಿಂದ ಮುಂಜಾನೆಯ ಅಳು ತಾನಾಗಿಯೇ ಸಣ್ಣದಾಯಿತು.

ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು, ಹೊಟ್ಟೆನೋವಿನದು ಯಾವುದು, ಬರೀ ಹಟದ್ದು ಯಾವುದು ಎಂದು ಹುಲಿಗವ್ವ ಬೆನ್ನು ತಿರುಗಿಸಿಕೊಂಡೇ ಹೇಳುವಂತಾದಳು. ಅಳು ಕೇಳಿ ಗಾಬರಿಯಾಗುವುದು ನಿಂತಿತು. ಆದರೆ ಕೂಸು ನಿದ್ದೆ ಹೋದಾಗ ಮಾತ್ರ ಅವಳಿಗೆ ಸಮಾಧಾನ ಇರುತ್ತಿರಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದು ಹಿಡಿದು ನೋಡುವಳು. ಕೆಲವೊಮ್ಮೆ ತಡೆಯಲಾರದೆ ಎಬ್ಬಿಸಿಯೇ ಬಿಡುವಳು. ಆಗ ಜೋಹರಾಬಿ ಅವಳಿಗೆ ಹೇಳಿಕೊಟ್ಟಳು: ಕೂಸಿನ ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ಕೆರೆಯಬೇಕು. ದೇವರು ಕೊಟ್ಟ ನಿದ್ದೆಯಾದರೆ ಕೂಸು ಕಾಲು ಎಳೆದುಕೊಳ್ಳುತ್ತದೆ, ಗೊಣಗುತ್ತದೆ, ಮಗ್ಗುಲಾಗುತ್ತದೆ. ಕೆರೆದರೂ ತಟ್ಟಿದರೂ ಮಿಸುಕದಿದ್ದರೆ ಒಂದು ಗಳಿಗೆಯೂ ತಡಮಾಡದೆ ದವಾಖಾನೆಗೆ ಓಡಬೇಕು. ಹುಲಿಗವ್ವ ಮಲಗಿದ ಕೂಸುಗಳ ಅಂಗಾಲು ಮುಟ್ಟುತ್ತ ಹೋಗುವಳು. ಒಂದೊಂದೇ ಪುಟ್ಟ ಕಾಲು ಹಿಂದಕ್ಕೆ ಸರಿಯುವುದು. ಅವಳು ಮುಂದಿನದರ ಹತ್ತಿರ ಹೋಗುವಳು.

ಫಕೀರಮ್ಮ ಏನಾದಳೆಂದು ನೀವು ಕೇಳಬಹುದು. ಹನುಮಣ್ಣ ಹುಷಾರಾಗಿ ಬಂದ ದಿನ ಅವಳು ಅರ್ಧ ಹೊತ್ತು ಅವನ ಜೊತೆಗೇ ಗಾಡಿಖಾನೆಯಲ್ಲಿ ಕುಳಿತಳು. ಅವನು ಒದರಿದ. ಹುಲಿಗವ್ವ ಗದರಲಿಲ್ಲ, ಎತ್ತಿಕೊಂಡು ಎತ್ತಿನ ಹತ್ತಿರ ಹೋದಳು. ಒದರುತ್ತಲೇ ದಂಟು ಹಿಡಿದ. ಒದರುತ್ತಲೇ ತಿನ್ನಿಸಿದ. ಎತ್ತು ಅವನ ಕೈ ನೆಕ್ಕಿದಾಗ ಒದರುವುದನ್ನು ಮರೆತ. ಫಕೀರಮ್ಮ ಇದನ್ನೆಲ್ಲ ನೋಡಿ, ಸೆರಗಿನ ಗಂಟು ಬಿಚ್ಚಿ, ಉಳಿದ ಅಫೀಮನ್ನು ತೆಗೆದು, ಕೂಸನ್ನು ನೋಡಲು ಬಂದಿದ್ದ ಜೋಹರಾಬಿಯ ಕೈಗೆ ಹಾಕಿದಳು.

"ತಗೋರಿ ಬಾಯಾರ. ನಮ್ಮನಿಗೆ ಇನ್ನ ಇದು ಬರಂಗಿಲ್ಲ. ನನ್ನ ಮಗನಿಗೂ ಸೊಸಿಗೂ ಆಣಿ ಹಾಕಿ ಹೇಳೀನಿ." ಆಮೇಲೆ ಹುಲಿಗವ್ವನ ಕಡೆ ನೋಡದೆಯೇ ಅಂದಳು, "ಆವತ್ತು ನಿಮ್ಮ ಬಾಗಲದಾಗ ನಿಂತು ನಾ ಅಂದ ಮಾತು ನೀ ಮರತಬಿಡು ನಮ್ಮವ್ವಾ. ನನ್ನ ಕೂಸು ನಿನ್ನ ಕೈಯಾಗ ಇರಲಿ."

ಹುಲಿಗವ್ವ ಹನುಮಣ್ಣನ ಮೂಗು ಒರೆಸಿದಳು.

ಮುಂದಿನ ಸುಗ್ಗಿಗೆ ಕುಷ್ಟಗಿಯ ಕಡೆಯಿಂದ ಕೂಲಿಗೆ ಬಂದ ಹೆಂಗಸೊಬ್ಬಳು, "ನನ್ನ ಕೂಸು ಭಾಳ ಅಳತೈತಿ, ತಗೊಂತೀರೇನ್ರಿ?" ಎಂದು ಅಂಜುತ್ತ ಕೇಳಿದಾಗ ಉತ್ತರ ಕೊಟ್ಟವಳು ಫಕೀರಮ್ಮ: "ಅಳದ ಕೂಸು ತಂದ್ರ ನಮ್ಮ ಅಕ್ಕೋರು ಹೊಳ್ಳಿ ಕಳಸತಾರ ನೋಡವ್ವಾ! ಬಾ, ಒಳಗ ಬಾ."

ಓದುವ ಅಣ್ಣತಮ್ಮಂದಿರೆ, ಕೂಡಿ ಕುಳಿತು ಕೇಳುವ ತಾಯಂದಿರೆ, ನಾನು ಮುದುಕ. ಹೆಚ್ಚು ಬಲ್ಲವನಲ್ಲ. ಕಂಡದ್ದನ್ನು ಹೇಳಿದ್ದೇನೆ. ನಿಮ್ಮ ಮನೆಯ ಗೂಡಿನಲ್ಲಿ, ಸೆರಗಿನ ಗಂಟಿನಲ್ಲಿ ಅಫೀಮು ಇದ್ದರೆ ಇಂದೇ ತೆಗೆದುಹಾಕಿ. ಅಳುವ ಕೂಸಿಗೆ ಅದನ್ನು ಸಾಸಿವೆಯಷ್ಟೂ ಕೊಡಬೇಡಿ, ಅದರ ಅರ್ಧವನ್ನೂ ಕೊಡಬೇಡಿ. ಅರಿಯದೆ ಕೊಟ್ಟಿದ್ದರೆ ಮುಚ್ಚಿಡಬೇಡಿ, ದವಾಖಾನೆಗೆ ಓಡಿ, ಕೊಟ್ಟದ್ದನ್ನು ಇದ್ದ ಹಾಗೆ ಹೇಳಿ. ಗಂಗಾವತಿಯ ಗದ್ದೆಯಲ್ಲಿರಲಿ, ಯಲಬುರ್ಗಿಯ ಎರೆ ಹೊಲದಲ್ಲಿರಲಿ, ಹತ್ತು ತಾಯಂದಿರು ದುಡಿಯುವ ಕಡೆ ಒಂದು ನೆರಳು ಹುಡುಕಿ. ಕೂಸುಗಳನ್ನು ನೋಡಿಕೊಳ್ಳಲು ಒಬ್ಬಳನ್ನು ನಿಲ್ಲಿಸಿ. ಅವಳು ಮೊದಲ ದಿನವೇ ಎಲ್ಲವನ್ನೂ ಬಲ್ಲವಳಾಗಿರುವುದಿಲ್ಲ. ತಪ್ಪಿದರೆ ಕೈಬಿಡಬೇಡಿ, ಅವಳಿಗೆ ಕಲಿಯಲು ದಿನ ಕೊಡಿ. ಅವಳ ಪಾಲಿನ ಬೊಗಸೆ ಜೋಳವನ್ನು ತಪ್ಪದೆ ಕೊಡಿ.

ನಮ್ಮ ಸೀಮೆಯ ದೇವಿ, ತಾಯಿ ಹುಲಿಗೆಮ್ಮಾ, ನಮ್ಮ ಪಂಪಮ್ಮ ನಿನ್ನ ಹತ್ತಿರ ಬಂದಿದ್ದಾಳೆ. ಎರಡು ವರ್ಷದವಳು. ಹೊಸಬರನ್ನು ಕಂಡರೆ ಅಳುತ್ತಾಳೆ. ಅತ್ತರೆ ಗದರಬೇಡ, ಎತ್ತಿಕೋ. ಅವಳಿಗೆ ಬೆಲ್ಲ ಹಾಕಿದ ಹಾಲೆಂದರೆ ಆಸೆ. ನಿನ್ನ ಮಡಿಲಲ್ಲಿ ಆಡಿ ದಣಿದು, ತನ್ನದೇ ನಿದ್ದೆಯಲ್ಲಿ ಅವಳು ಮಲಗಲಿ. ಆ ಕೂಸಿನ ಆತ್ಮಕ್ಕೆ ಶಾಂತಿ ಕೊಡು ತಾಯಿ.